ಹುಬ್ಬಳ್ಳಿ-ಧಾರವಾಡದ ಸಂಶೋಧಕರಿಗೆ ಪೇಟೆಂಟ್ ಸೇವೆ: ಕಚೇರಿಯ ಕಡೆ ಅಗ್ಗ, ಕಾಲೇಜಿನ ಕಡೆ ತಡ

ಈ ಭಾಗದ ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸದೊಂದನ್ನು ಕಂಡುಹಿಡಿದ ಪ್ರಾಧ್ಯಾಪಕರಿಗಾಗಲಿ, ಪಿಎಚ್‌ಡಿ ವಿದ್ಯಾರ್ಥಿಗಾಗಲಿ ಎರಡು ಬಾಗಿಲುಗಳಿವೆ. ಒಂದು, ಕಾಲೇಜಿನ ಐಪಿಆರ್ ಸೆಲ್, ಅಂದರೆ ಬೌದ್ಧಿಕ ಆಸ್ತಿ ಹಕ್ಕುಗಳನ್ನು ನೋಡಿಕೊಳ್ಳುವ ಘಟಕ. ಇನ್ನೊಂದು, ಕೇಂದ್ರ ಸರ್ಕಾರದ ಪೇಟೆಂಟ್ ಕಚೇರಿ. ಬೆಂಗಳೂರಿನಲ್ಲಿ ಪೇಟೆಂಟ್ ಕಚೇರಿ ಇಲ್ಲ. ಕರ್ನಾಟಕದ ಅರ್ಜಿಗಳು ಚೆನ್ನೈ ಶಾಖೆಯ ವ್ಯಾಪ್ತಿಗೆ ಬರುತ್ತವೆ. ಈ ಎರಡೂ ಸೇವೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಪೇಟೆಂಟ್ ಕಚೇರಿಯ ಸೇವೆ ಶಿಕ್ಷಣ ಸಂಸ್ಥೆಗಳಿಗೆ ಇವತ್ತು ಅಗ್ಗ, ಕೂತಲ್ಲಿಂದಲೇ ಮುಗಿಯುವಂಥದ್ದು. ಕೆಡುವುದು ಹೆಚ್ಚಾಗಿ ಕಾಲೇಜಿನ ಒಳಗೇ, ಅದೂ ಅರ್ಜಿ ಹಾಕುವ ಮೊದಲೇ. ಪೇಟೆಂಟ್ ಅರ್ಜಿ ಪ್ರಕಟವಾದ ಮೇಲೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡುವುದರಲ್ಲಿ ನಮ್ಮ ಸಂಸ್ಥೆಗಳು ಹಿಂದೆ ಬಿದ್ದಿಲ್ಲ. ಆದರೆ ಸಂಶೋಧಕರಿಗೆ ಆಸರೆ ಬೇಕಾಗುವುದು ಅದಕ್ಕಿಂತ ಬಹಳ ಮುಂಚೆ. ಯಾರ ಹೆಸರು ಬರೆಯಬೇಕು, ಎಲ್ಲಿಯವರೆಗೆ ಹೊರಗೆ ತೋರಿಸಬಾರದು, ದುಡ್ಡು ಯಾರು ಕಟ್ಟಬೇಕು ಎಂದು ಸರಿಯಾಗಿ ಹೇಳುವವರು ಆಗ ಬೇಕು. ಒಂದು ಸೆಲ್ ಒಳ್ಳೆಯದೋ ಅಲ್ಲವೋ ಎಂದು ಅಳೆಯಬೇಕಾದ್ದೂ ಈ ಮೂರರಿಂದಲೇ.

ಶುಲ್ಕದಿಂದ ಶುರು ಮಾಡೋಣ. ಪೇಟೆಂಟ್ ಅಂದರೆ ಲಕ್ಷಗಟ್ಟಲೆ ಖರ್ಚು ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಈಗಲೂ ಓಡಾಡುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಪೇಟೆಂಟ್ ನಿಯಮಗಳಿಗೆ ತಿದ್ದುಪಡಿ ಬಂದು, ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿ ಸಿಕ್ಕಿದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ದೊಡ್ಡ ಕಂಪನಿ 8,000 ರೂಪಾಯಿ ಕಟ್ಟಬೇಕಾದಲ್ಲಿ ಕಾಲೇಜು ಕಟ್ಟುವುದು 1,600. ಅರ್ಜಿಯನ್ನು ಪರಿಶೀಲಿಸಿ ಎಂದು ಕೋರುವ ಫಾರಂ 18ಕ್ಕೆ 20,000ದ ಬದಲು 4,000. ಅಲ್ಲಿಗೆ 5,600 ರೂಪಾಯಿಯಲ್ಲಿ ಅರ್ಜಿ ಪರಿಶೀಲಕರ ಮೇಜಿನವರೆಗೆ ಹೋಗುತ್ತದೆ. ಬೇಗ ಪ್ರಕಟಿಸಿ ಎಂದು ಕೇಳುವ ಫಾರಂ 9ಕ್ಕೆ ಇನ್ನೊಂದು 2,500. ಇದು ಕಡ್ಡಾಯವಲ್ಲ, ಹಾಕದಿದ್ದರೆ ಅರ್ಜಿ 18 ತಿಂಗಳಾದ ಮೇಲೆ ತಾನಾಗಿಯೇ ಪ್ರಕಟವಾಗುತ್ತದೆ. ಎಷ್ಟೋ ಸೆಲ್‌ಗಳು ವರ್ಷದ ಕೊನೆಯ ಲೆಕ್ಕಕ್ಕೆ "ಪ್ರಕಟ" ಎಂಬ ಸಂಖ್ಯೆ ಬೇಕೆಂದು ಎಲ್ಲ ಅರ್ಜಿಗೂ ಫಾರಂ 9 ಹಾಕುತ್ತವೆ. ಇದು ನಮಗೆ ಒಪ್ಪಿಗೆಯಿಲ್ಲ. ಸಂಶೋಧನೆ ಇನ್ನೂ ಸುಧಾರಿಸುತ್ತಿದ್ದರೆ ಆ 18 ತಿಂಗಳ ಮುಸುಕು ಸಂಶೋಧಕರಿಗೆ ದೊಡ್ಡ ಅನುಕೂಲ. ಬೇಗ ಪ್ರಕಟವಾದ ಅರ್ಜಿ ಅವರದೇ ಮುಂದಿನ ಅರ್ಜಿಗೆ ಅಡ್ಡ ಬರಬಹುದು.

1,600ರ ಅರ್ಜಿ ಶುಲ್ಕ 30 ಪುಟ, 10 ಕ್ಲೇಮುಗಳವರೆಗೆ (ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ಸಾಲುಗಳು) ಮಾತ್ರ. ಅದರಾಚೆ ಪ್ರತಿ ಪುಟಕ್ಕೆ 160, ಪ್ರತಿ ಕ್ಲೇಮಿಗೆ 320 ರೂಪಾಯಿ. ಥೀಸಿಸ್‌ನ ಅಧ್ಯಾಯವನ್ನೇ ಎತ್ತಿ ಸ್ಪೆಸಿಫಿಕೇಶನ್ (ಆವಿಷ್ಕಾರದ ವಿವರಣೆ) ಎಂದು ಕೊಡುವವರಿಗೆ ಪೆಟ್ಟು ಬೀಳುವುದು ಇಲ್ಲೇ. 60 ಪುಟವಾದರೆ ಹೆಚ್ಚುವರಿ 30 ಪುಟಕ್ಕೆ 4,800, ಅಂದರೆ ಮೂಲ ಶುಲ್ಕದ ಮೂರು ಪಟ್ಟು. ಹಿಂದಿನ ಸಂಶೋಧನೆಗಳ 20 ಪುಟದ ಸಮೀಕ್ಷೆ ಪೇಟೆಂಟ್‌ಗೆ ಬೇಡ. ಈಗಿರುವ ಉಪಕರಣದಲ್ಲಿ ಏನು ಕೊರತೆ, ಅದನ್ನು ಯಾವ ಭಾಗ ಹೇಗೆ ನೀಗಿಸುತ್ತದೆ, ಅಳತೆ ಎಷ್ಟು, ಎಷ್ಟರಿಂದ ಎಷ್ಟರವರೆಗೆ ಕೆಲಸ ಮಾಡುತ್ತದೆ, ಇಷ್ಟು ವಿವರವಾಗಿರಬೇಕು. ಸಾರಾಂಶ 150 ಪದ ಮೀರಬಾರದು. ಶೀರ್ಷಿಕೆ 15 ಪದದೊಳಗಿದ್ದರೆ ಒಳ್ಳೆಯದು.

ರಿಯಾಯಿತಿ ಸಿಗಬೇಕಾದರೆ ಫಾರಂ 28ರ ಜೊತೆ ಸಂಸ್ಥೆ ಮಾನ್ಯತೆ ಪಡೆದದ್ದೆಂಬ ದಾಖಲೆ ಬೇಕು. ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಆ ಕಾಯ್ದೆಯೇ ದಾಖಲೆ. ಹಾಗಾಗಿ ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಐಐಟಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಇವಕ್ಕೆಲ್ಲ ತೊಡಕಿಲ್ಲ. ಟ್ರಸ್ಟ್ ನಡೆಸುವ ಕಾಲೇಜುಗಳಲ್ಲಿ ಮಾತ್ರ ಎಚ್ಚರ ಬೇಕು: ಫಾರಂ 1ರಲ್ಲಿ, ಅಂದರೆ ಮೂಲ ಅರ್ಜಿಯಲ್ಲಿ, ಅರ್ಜಿದಾರರ ಜಾಗದಲ್ಲಿ ಟ್ರಸ್ಟಿನ ಹೆಸರು, ದಾಖಲೆಯಲ್ಲಿ ಕಾಲೇಜಿನ ಹೆಸರು ಇದ್ದರೆ ಆಕ್ಷೇಪ ಬರುತ್ತದೆ. ಎರಡೂ ಕಡೆ ಒಂದೇ ಹೆಸರು, ಒಂದೇ ಅಕ್ಷರ. ದೊಡ್ಡ ಕಂಪನಿಯೊಂದು ಜಂಟಿ ಅರ್ಜಿದಾರ ಆದರೆ ರಿಯಾಯಿತಿ ಹೋಗುತ್ತದೆ. ಮುಂದೆ ಅರ್ಜಿಯನ್ನು ಅಂಥ ಕಂಪನಿಗೆ ಬರೆದುಕೊಟ್ಟರೂ ಅಲ್ಲಿಯವರೆಗಿನ ಶುಲ್ಕದ ವ್ಯತ್ಯಾಸವನ್ನು ಕಂಪನಿ ತುಂಬಬೇಕಾಗುತ್ತದೆ. ಕರಾರಿನಲ್ಲಿ ಇದನ್ನು ಮೊದಲೇ ಬರೆಸಿಕೊಳ್ಳಿ.

ಖರೆ ಖರ್ಚು ಇರುವುದು ಅರ್ಜಿ ಬರೆದು ನಡೆಸಿಕೊಡುವ ಪೇಟೆಂಟ್ ಏಜೆಂಟರ ಶುಲ್ಕದಲ್ಲಿ. ಅದಕ್ಕೆ ಸರ್ಕಾರಿ ದರಪಟ್ಟಿ ಇಲ್ಲ. ಏಜೆಂಟರಿಲ್ಲದೆ ಸಂಸ್ಥೆಯೇ ಅರ್ಜಿ ಹಾಕಬಹುದು, ಕಾನೂನಿನ ಅಡ್ಡಿಯಿಲ್ಲ. ಆದರೆ ಕ್ಲೇಮು ಬರೆಯುವುದು ಅಭ್ಯಾಸದ ಕೆಲಸ, ಅಲ್ಲಿ ತಪ್ಪಿದರೆ ಪೇಟೆಂಟ್ ಸಿಕ್ಕರೂ ಪ್ರಯೋಜನ ಆಗುವುದಿಲ್ಲ. ಏಜೆಂಟರು ಪೇಟೆಂಟ್ ಕಚೇರಿಯ ನೋಂದಣಿ ಪಟ್ಟಿಯಲ್ಲಿ ಇದ್ದಾರೋ ಇಲ್ಲವೋ ಎಂದು ಸಂಖ್ಯೆ ಹಾಕಿ ನೋಡಿ. ನೋಂದಣಿಗೆ ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ, ಜೊತೆಗೆ ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾಗಿರಬೇಕು. ವಕೀಲಿಕೆ ಒಂದೇ ಸಾಲದು. ಕೇಂದ್ರದ ಎಸ್‌ಐಪಿಪಿ (ಸ್ಟಾರ್ಟಪ್‌ಗಳ ಬೌದ್ಧಿಕ ಆಸ್ತಿ ಸಂರಕ್ಷಣೆ) ಯೋಜನೆಯಲ್ಲಿ ಫೆಸಿಲಿಟೇಟರ್ ಎಂದು ನೇಮಕವಾದ ಏಜೆಂಟರ ಶುಲ್ಕವನ್ನು ಸರ್ಕಾರವೇ ಕೊಡುತ್ತದೆ, ಅರ್ಜಿದಾರರು ಕಚೇರಿ ಶುಲ್ಕ ಮಾತ್ರ ಕಟ್ಟಿದರೆ ಸಾಕು. ಸ್ಟಾರ್ಟಪ್‌ಗಳಿಗೆಂದು ಬಂದ ಈ ಸೌಲಭ್ಯ ಆಮೇಲೆ ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಿತು. ಅವಧಿ ಆಗಾಗ ಮುಗಿದು ನವೀಕರಣ ಆಗುವ ಯೋಜನೆ ಇದಾದ್ದರಿಂದ, ಕೆಲಸ ಒಪ್ಪಿಸುವ ದಿನ ಜಾರಿಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಶಿಕ್ಷಣ ಸಚಿವಾಲಯ 2020ರ ಅಕ್ಟೋಬರ್ 15ರಂದು, ಅಬ್ದುಲ್ ಕಲಾಂ ಅವರ ಜನ್ಮದಿನದಂದು ಶುರು ಮಾಡಿದ ಕಪಿಲಾ ಕಾರ್ಯಕ್ರಮವೂ ಕಾಲೇಜುಗಳ ಪೇಟೆಂಟ್ ಅರಿವು ಮತ್ತು ಅರ್ಜಿಗಳಿಗೆ ನೆರವಾಗಲೆಂದೇ ಇರುವುದು. ಬೆಂಗಳೂರಿನಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಿಂದಲೂ ಮಾರ್ಗದರ್ಶನ ಪಡೆಯಬಹುದು.

ಕೃಷಿ ಮೇಳಕ್ಕೆ ಮೊದಲು, ಮೇಳದ ನಂತರ

ಧಾರವಾಡದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ಪೇಟೆಂಟ್ ಸಿಗಲು ಆವಿಷ್ಕಾರ ಅರ್ಜಿಯ ದಿನಕ್ಕೆ ಹೊಸದಾಗಿರಬೇಕು. ಸಾರ್ವಜನಿಕರಿಗೆ ಗೊತ್ತಾಗಿದ್ದರೆ ಹೊಸದಲ್ಲ, ಗೊತ್ತು ಮಾಡಿದವರು ಸ್ವತಃ ಸಂಶೋಧಕರೇ ಆಗಿದ್ದರೂ ಅಷ್ಟೇ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಸುತ್ತಲಿನ ಜಿಲ್ಲೆಗಳ ರೈತರೆಲ್ಲ ಬರುತ್ತಾರೆ. ಹೊಸ ಕೂರಿಗೆಯನ್ನೋ, ಮೆಣಸಿನಕಾಯಿ ತೊಟ್ಟು ತೆಗೆಯುವ ಯಂತ್ರವನ್ನೋ ಮಳಿಗೆಯಲ್ಲಿಟ್ಟು, ಬಿಚ್ಚಿ ತೋರಿಸಿ, ಮಾಹಿತಿ ಪತ್ರ ಹಂಚಿ, ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದರೆ, ಪರಿಶೀಲಕರು ಆ ಪತ್ರಿಕೆಯ ಸುದ್ದಿಯನ್ನೇ ಮುಂದಿಟ್ಟು ತಿರಸ್ಕರಿಸಬಹುದು. ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಎಕ್ಸಿಬಿಷನ್, ಯೂಟ್ಯೂಬ್‌ಗೆ ಹಾಕಿದ ಡೆಮೊ, ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಏರಿಸಿದ ಥೀಸಿಸ್, ಎಲ್ಲದರ ಪರಿಣಾಮ ಒಂದೇ.

"ಪ್ರದರ್ಶನ ಆದ 12 ತಿಂಗಳೊಳಗೆ ಅರ್ಜಿ ಹಾಕಿದರೆ ಸಾಕಂತೆ" ಎಂದು ಹೇಳುವವರು ಸಿಗುತ್ತಾರೆ. ಅವರು ಹೇಳುವುದು ಪೇಟೆಂಟ್ ಕಾಯ್ದೆಯ ಸೆಕ್ಷನ್ 31ರ ಅರ್ಧ ಮಾತು. ಆ ರಕ್ಷಣೆ ಇರುವುದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ, ಮತ್ತು ಸಂಶೋಧಕರೇ ವಿದ್ವತ್ ಸಂಸ್ಥೆಯೊಂದರ ಮುಂದೆ ಓದಿದ ಅಥವಾ ಆ ಸಂಸ್ಥೆಯ ನಡಾವಳಿಯಲ್ಲಿ ಬಂದ ಪ್ರಬಂಧಕ್ಕೆ. ಕಾಲೇಜಿನ ಎಕ್ಸಿಬಿಷನ್ ಹಾಲ್ ಅದರೊಳಗೆ ಬರುವುದಿಲ್ಲ. ಯಾವುದೋ ಜರ್ನಲ್‌ನಲ್ಲಿ ಅಚ್ಚಾದ ಲೇಖನಕ್ಕೂ ಅದನ್ನು ನಂಬಿ ಕೂರಬಾರದು. 2024ರಿಂದ ಈ ರಕ್ಷಣೆ ಕೇಳಲು ಫಾರಂ 31 ಎಂಬ ಪ್ರತ್ಯೇಕ ಅರ್ಜಿಯೂ ಬಂದಿದೆ, ಅದರ ಶುಲ್ಕ ಮೂಲ ಅರ್ಜಿಯ ಶುಲ್ಕಕ್ಕಿಂತ ಹಲವು ಪಟ್ಟು. ಹೊಲದಲ್ಲಿ ಪರೀಕ್ಷೆ ಮಾಡದೆ ಬೇಸಾಯದ ಉಪಕರಣ ಮುಗಿಯುವುದಿಲ್ಲ ನಿಜ. ಬಯಲಲ್ಲೇ ಮಾಡಬೇಕಾದ ಅಗತ್ಯ ಪರೀಕ್ಷೆಗೆ ಸೆಕ್ಷನ್ 32 ಒಂದು ವರ್ಷದ ವಿನಾಯಿತಿ ಕೊಡುತ್ತದೆ. ಆದರೂ ರೈತರ ಹೊಲಕ್ಕೆ ಒಯ್ಯುವ ಮುನ್ನ ಅರ್ಜಿ ಹಾಕಿಯೇ ಒಯ್ಯುವುದು ಲೇಸು.

ಇದಕ್ಕೆ ಮದ್ದು 1,600 ರೂಪಾಯಿಯ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ. ಕ್ಲೇಮು ಬೇಕಿಲ್ಲ, ಪರಿಶೀಲನೆ ಶುಲ್ಕ ಬೇಕಿಲ್ಲ, ದಿನಾಂಕ ನಿಮ್ಮದಾಗುತ್ತದೆ. 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್ (ಪೂರ್ಣ ವಿವರಣೆ) ಕೊಡದಿದ್ದರೆ ಅರ್ಜಿ ಬಿಟ್ಟುಕೊಟ್ಟಂತೆ ಆಗುತ್ತದೆ. ಇಲ್ಲಿ ಮಂದಿ ಮಾಡುವ ತಪ್ಪು, ಪ್ರಾವಿಷನಲ್ ಎಂದರೆ ಎರಡು ಪುಟದ ಟೋಕನ್ ಎಂದು ತಿಳಿಯುವುದು. ಕೂರಿಗೆಯ ಬೀಜ ಬೀಳಿಸುವ ತಟ್ಟೆಯಲ್ಲಿ ಗುಣಿಗಳ ಆಕಾರ ಹೊಸದು ಎಂದಿಟ್ಟುಕೊಳ್ಳಿ. ಪ್ರಾವಿಷನಲ್‌ನಲ್ಲಿ "ಸುಧಾರಿತ ಬಿತ್ತನೆ ಸಾಧನ" ಎಂದಷ್ಟೇ ಬರೆದು, ಗುಣಿಯ ಆಕಾರ, ಓರೆ, ಆಳ ಏನೂ ಹೇಳದೆ, ಮುಂದೆ ಕಂಪ್ಲೀಟ್‌ನಲ್ಲಿ ಅದನ್ನೆಲ್ಲ ಸೇರಿಸಿದರೆ ಆ ಕ್ಲೇಮುಗಳಿಗೆ ಮೊದಲ ದಿನಾಂಕ ಸಿಗುವುದಿಲ್ಲ. ನಡುವೆ ಮೇಳದಲ್ಲಿ ತೋರಿಸಿದ್ದರೆ ಆಟ ಮುಗಿದಂತೆ. ಕೈಯಲ್ಲಿರುವ ಚಿತ್ರ, ಅಳತೆ, ಪರೀಕ್ಷೆಯ ಕೋಷ್ಟಕ ಎಲ್ಲವನ್ನೂ ಪ್ರಾವಿಷನಲ್‌ಗೇ ಹಾಕಿ.

ಒಳ್ಳೆಯ ಸೆಲ್ ಜೂನ್-ಜುಲೈನಲ್ಲೇ ಎಲ್ಲ ವಿಭಾಗಗಳಿಗೆ ಸುತ್ತೋಲೆ ಕಳಿಸಿ, ಮೇಳಕ್ಕೆ ಏನೇನು ಇಡುತ್ತೀರಿ ಎಂದು ಪಟ್ಟಿ ತರಿಸಿಕೊಳ್ಳುತ್ತದೆ. ನೀವಿರುವ ಸಂಸ್ಥೆಯಲ್ಲಿ ಹಾಗಿಲ್ಲದಿದ್ದರೆ ನೀವೇ ಸೆಲ್‌ಗೆ ಪತ್ರ ಬರೆದು ಸ್ವೀಕೃತಿ ಪಡೆದಿಡಿ. ಪ್ರೊಟೊಟೈಪ್ ಮಾಡಿಸಲು ಗೋಕುಲ ರಸ್ತೆಯ ಅಥವಾ ತಾರಿಹಾಳದ ವರ್ಕ್‌ಶಾಪಿಗೆ ಡ್ರಾಯಿಂಗ್ ಕೊಡುವಾಗಲೂ ಒಂದು ಪುಟದ ಗೌಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಳ್ಳಬೇಕು. ಅಂಥ ಮಾದರಿ ಕರಾರು ಸೆಲ್‌ನಲ್ಲಿ ಸಿದ್ಧವಾಗಿರಬೇಕು.

ಹೆಸರು ಯಾರದ್ದು

ಮನ್ನಣೆ ನಿಜವಾಗಿ ತೀರ್ಮಾನವಾಗುವ ಜಾಗ ಫಾರಂ 1ರ ಸಂಶೋಧಕರ ಕಾಲಂ. ಅಲ್ಲಿ ಬಿಟ್ಟುಹೋದ ಹೆಸರನ್ನು ಮುಂದೆ ಸೇರಿಸುವುದು ಸಾಧ್ಯವಿದ್ದರೂ ತಾಪತ್ರಯದ ಕೆಲಸ. ಸೇರಬಾರದ ಹೆಸರು ಸೇರಿದ್ದರೆ ಎದುರಾಳಿಗೆ ನೀವೇ ಆಯುಧ ಕೊಟ್ಟಂತೆ. ಸಂಶೋಧಕರಾಗಲು ಕ್ಲೇಮಿನಲ್ಲಿರುವ ಹೊಸ ಅಂಶಕ್ಕೆ ಯೋಚನೆಯ ಕೊಡುಗೆ ಇರಬೇಕು. ಲ್ಯಾಬ್ ಒದಗಿಸಿದ್ದು, ಅನುದಾನ ತಂದದ್ದು, ವಿಭಾಗದ ಮುಖ್ಯಸ್ಥರಾಗಿರುವುದು, ಹೇಳಿದ ಅಳತೆಗೆ ಲೋಹ ಕತ್ತರಿಸಿಕೊಟ್ಟದ್ದು ಇದರೊಳಗೆ ಬರುವುದಿಲ್ಲ. ಪ್ರಬಂಧದ ಲೇಖಕರ ಪಟ್ಟಿಯನ್ನೇ ಇಲ್ಲಿಗೆ ಇಳಿಸುವುದು ಸಾಮಾನ್ಯ ತಪ್ಪು. ತದ್ವಿರುದ್ಧ ತಪ್ಪೂ ನಡೆಯುತ್ತದೆ: ಬೀಜ ಸಿಕ್ಕಿಕೊಳ್ಳುತ್ತಿದ್ದ ತಟ್ಟೆಯ ಓರೆಯನ್ನು ಬದಲಿಸಿದರೆ ಸರಿಹೋಗುತ್ತದೆ ಎಂದು ಕಂಡುಕೊಂಡದ್ದು ವರ್ಕ್‌ಶಾಪಿನ ಮೇಸ್ತ್ರಿ, ಆ ಓರೆಯೇ ಕ್ಲೇಮಿನಲ್ಲಿ ಇದೆ, ಆದರೆ ಮೇಸ್ತ್ರಿಯ ಹೆಸರು ಇಲ್ಲ. ಕಾನೂನಿನ ಕಣ್ಣಲ್ಲಿ ಅವರೂ ಸಂಶೋಧಕರೇ, ಡಿಗ್ರಿ ಇರಲಿ ಬಿಡಲಿ.

ಸೆಲ್‌ನ ಗುಣಮಟ್ಟ ತಿಳಿಯಲು ಅದರ ಆವಿಷ್ಕಾರ ವಿವರಣಾ ಫಾರಂ ಕೇಳಿ ನೋಡಿ. ಶೀರ್ಷಿಕೆ, ವಿಭಾಗ, ಮೊಬೈಲ್ ನಂಬರ್ ಮಾತ್ರ ಕೇಳುವ ಫಾರಂ ಇದ್ದರೆ ಅಲ್ಲಿ ಕೆಲಸ ನಡೆಯುವುದಿಲ್ಲ. ಯಾವ ಅಂಶ ಯಾರ ಯೋಚನೆ, ಯಾವ ತಾರೀಖಿನಂದು ನೋಟ್‌ಬುಕ್‌ನಲ್ಲಿ ಬರೆದದ್ದು, ಎಲ್ಲೆಲ್ಲಿ ಈಗಾಗಲೇ ತೋರಿಸಿದ್ದೀರಿ, ಎಲ್ಲಿ ತೋರಿಸಲಿದ್ದೀರಿ, ಯಾವ ಅನುದಾನದ ದುಡ್ಡು, ಹತ್ತಿರದ ಮೂರು ಹಳೆಯ ಪೇಟೆಂಟ್‌ಗಳು ಯಾವುವು, ಅವಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವ ಫಾರಂ ಬೇಕು. ಹಳೆಯ ಪೇಟೆಂಟ್ ಹುಡುಕಲು ಭಾರತದ ಮಟ್ಟಿಗೆ ಪೇಟೆಂಟ್ ಕಚೇರಿಯ ಇನ್‌ಪಾಸ್ ಪುಟ, ಹೊರದೇಶಗಳದ್ದಕ್ಕೆ ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್ ಇವೆ, ಎಲ್ಲ ಉಚಿತ. ಇನ್‌ಪಾಸ್‌ನಲ್ಲಿ ಒಂದೇ ಪದ ಹಾಕಿ "ಏನೂ ಸಿಗಲಿಲ್ಲ" ಎಂದು ಬರೆದುಕೊಡುವ ವರದಿಗೆ ಬೆಲೆಯಿಲ್ಲ, ವರ್ಗೀಕರಣ ಸಂಖ್ಯೆ ಹಿಡಿದು ಹುಡುಕಬೇಕು. ಕಳೆದ 18 ತಿಂಗಳಲ್ಲಿ ಬಿದ್ದ ಅರ್ಜಿಗಳಲ್ಲಿ ಬಹಳಷ್ಟು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ ಎಂಬುದೂ ತಿಳಿದಿರಲಿ.

ವಿದ್ಯಾರ್ಥಿಗಳ ಸಹಿ ಇನ್ನೊಂದು ತೊಡಕು. ಹಕ್ಕನ್ನು ಸಂಸ್ಥೆಗೆ ಬಿಟ್ಟುಕೊಟ್ಟಿದ್ದೇವೆ ಎಂದು ಎಲ್ಲ ಸಂಶೋಧಕರೂ ಫಾರಂ 1ರಲ್ಲಿ ಅಥವಾ ಪ್ರತ್ಯೇಕ ಪತ್ರದಲ್ಲಿ ಸಹಿ ಮಾಡಬೇಕು. ಅರ್ಜಿ ಹಾಕಿದ ಆರು ತಿಂಗಳೊಳಗೆ ಈ ದಾಖಲೆ ಸಲ್ಲಬೇಕು. ಅಂತಿಮ ವರ್ಷದ ಹುಡುಗರು ಪರೀಕ್ಷೆ ಮುಗಿಸಿ ಬೆಂಗಳೂರು, ಪುಣೆ ಸೇರಿದ ಮೇಲೆ ಒಬ್ಬರ ಸಹಿಗಾಗಿ ಅರ್ಜಿ ನಿಲ್ಲುತ್ತದೆ. ಕೊನೆಯ ವೈವಾದ ದಿನವೇ ಸಹಿ, ಖಾಯಂ ವಿಳಾಸ, ಕಾಲೇಜಿನದ್ದಲ್ಲದ ಸ್ವಂತ ಇಮೇಲ್ ಪಡೆದಿಟ್ಟುಕೊಳ್ಳುವ ಸೆಲ್‌ಗೆ ನಾವು ಪೂರ್ಣ ಅಂಕ ಕೊಡುತ್ತೇವೆ.

ಇನ್ನು ವಾಟ್ಸ್ಆ್ಯಪ್‌ನಲ್ಲಿ ಬರುವ "ಪೇಟೆಂಟ್‌ನಲ್ಲಿ ನಿಮ್ಮ ಹೆಸರು, ಐದನೇ ಸ್ಥಾನಕ್ಕೆ ಇಷ್ಟು, ಎರಡನೇ ಸ್ಥಾನಕ್ಕೆ ಇಷ್ಟು" ಎಂಬ ಜಾಹೀರಾತುಗಳು. ಇಂಥ ಸೇವೆಯಿಂದ ದೂರ ಇರಿ, ನಿಮ್ಮ ವಿದ್ಯಾರ್ಥಿಗಳನ್ನೂ ದೂರ ಇಡಿ. ಕೆಲಸ ಮಾಡದವರು ತಾವೇ ಸಂಶೋಧಕರೆಂದು ಸರ್ಕಾರದ ಮುಂದೆ ಘೋಷಣೆ ಕೊಡುವುದು ಸುಳ್ಳು ಹೇಳಿಕೆ. ಹಲವು ಊರುಗಳ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಎಂಟು-ಹತ್ತು ಜನರ ಹೆಸರಿನ ಅರ್ಜಿಗಳು ಪ್ರಕಟವಾದ ಮೇಲೆ ಪರಿಶೀಲನೆಗೆ ಕೋರಿಕೆಯೇ ಇಲ್ಲದೆ ಸತ್ತುಹೋಗುತ್ತವೆ. ಎಷ್ಟೋ ಸಲ ಕೊಡುವುದು ಪೇಟೆಂಟ್ ಕೂಡ ಅಲ್ಲ, ಡಿಸೈನ್ ನೋಂದಣಿ. ಡಿಸೈನ್ ಕಾಪಾಡುವುದು ವಸ್ತುವಿನ ಹೊರರೂಪವನ್ನು ಮಾತ್ರ. ಒಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದರಿಂದ ರಕ್ಷಣೆ ಇಲ್ಲ. ಬಡ್ತಿಯ ಅಂಕಕ್ಕೂ, ಶಿಕ್ಷಣ ಸಂಸ್ಥೆಗಳ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೂ ಸಂಖ್ಯೆ ಬೇಕೆಂಬ ಒತ್ತಡ ಇರುವವರೆಗೆ ಈ ಪೇಟೆ ಮುಚ್ಚುವುದಿಲ್ಲ. ಸಂಸ್ಥೆಗಳು ಸನ್ಮಾನಕ್ಕೆ ಕರೆಯುವ ಮುಂಚೆ ಮಂಜೂರಾತಿ ಸಂಖ್ಯೆ ಕೇಳಬೇಕು. ಪ್ರಕಟವಾಗುವುದು ಯಾವ ಅರ್ಜಿಗಾದರೂ ಆಗುತ್ತದೆ, ಅದರಲ್ಲಿ ಗುಣದ ಪರೀಕ್ಷೆ ನಡೆದಿರುವುದಿಲ್ಲ. ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಹೊರಬರುತ್ತದೆ, ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು.

ಪೋರ್ಟಲ್ ಮತ್ತು ಪತ್ರವ್ಯವಹಾರ

ಇ-ಫೈಲಿಂಗ್ ಪುಟ ನೋಡಲು ಹಳೆಯದೆನಿಸಿದರೂ ಕೆಲಸಕ್ಕೆ ಬರುತ್ತದೆ. ಸಲ್ಲಿಸಿದ ಕೂಡಲೇ ಅರ್ಜಿ ಸಂಖ್ಯೆಯೂ ರಸೀದಿಯೂ ಕೈಗೆ ಬರುತ್ತವೆ. ಕಾಗದದಲ್ಲಿ ಕೊಟ್ಟರೆ ಶೇ 10 ಹೆಚ್ಚು ಶುಲ್ಕ. ಸಹಿಗೆ ಕ್ಲಾಸ್ 3 ಡಿಜಿಟಲ್ ಸಿಗ್ನೇಚರ್ ಬೇಕು, ಅದು ಸಾಮಾನ್ಯವಾಗಿ ಕುಲಸಚಿವರ ಅಥವಾ ಪ್ರಾಂಶುಪಾಲರ ಹೆಸರಿನಲ್ಲಿ ಇರುತ್ತದೆ. ಅವರು ವರ್ಗವಾದರೆ, ನಿವೃತ್ತರಾದರೆ, ಆ ಸಹಿಯಿರುವ ಟೋಕನ್‌ನ ಅವಧಿ ಮುಗಿದರೆ ಕೊನೆಯ ದಿನ ಎಲ್ಲ ನಿಲ್ಲುತ್ತದೆ. ಗಡುವಿಗೆ ಒಂದು ತಿಂಗಳು ಮುಂಚೆಯೇ ಟೋಕನ್ ಹಾಕಿ ಪರೀಕ್ಷಿಸಿ.

ಮುಖ್ಯ ಗಡುವುಗಳು 2024ರ ಮಾರ್ಚ್ 15ರಿಂದ ಬದಲಾಗಿವೆ. ಪರಿಶೀಲನೆ ಕೋರಲು ಮೊದಲು 48 ತಿಂಗಳು ಇತ್ತು, ಆ ದಿನದಿಂದೀಚೆಗೆ ಹಾಕಿದ ಅರ್ಜಿಗಳಿಗೆ 31. ಎಷ್ಟೋ ಕಾಲೇಜುಗಳ ಗೋಡೆಯ ಚಾರ್ಟ್‌ನಲ್ಲಿ ಈಗಲೂ 48 ಎಂದೇ ಇದೆ. ಈ ಗಡುವು ತಪ್ಪಿದರೆ ಅರ್ಜಿ ಹಿಂತೆಗೆದುಕೊಂಡಂತೆ. ಮೊದಲ ಪರಿಶೀಲನಾ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು, ಫಾರಂ 4 ಹಾಕಿ ಮತ್ತೆ ಮೂರು ತಿಂಗಳವರೆಗೆ ಕೇಳಬಹುದು. ತಡವನ್ನು ಮನ್ನಿಸಿ ಎಂದು ಕೇಳುವ ಅವಕಾಶವನ್ನು ಹೊಸ ನಿಯಮ ಅಗಲ ಮಾಡಿದೆ, ಆದರೆ ತಿಂಗಳ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ಈ ವರದಿ ಇಮೇಲ್‌ಗೆ ಬರುತ್ತದೆ. ಅರ್ಜಿಯಲ್ಲಿ ಕೊಟ್ಟ ವಿಳಾಸ ಹಿಂದಿನ ಸಂಯೋಜಕರದ್ದಾಗಿದ್ದು, ಅವರು ಬೇರೆ ಕಾಲೇಜಿಗೆ ಹೋಗಿದ್ದರೆ ಯಾರೂ ಓದುವುದಿಲ್ಲ. ಒಳ್ಳೆಯ ಆವಿಷ್ಕಾರ ಉತ್ತರವಿಲ್ಲದೆ ಸಾಯುತ್ತದೆ. ವ್ಯಕ್ತಿಯ ಹೆಸರಿಲ್ಲದ ಒಂದು ಇಮೇಲ್ ವಿಳಾಸ, ಅದಕ್ಕೆ ಇಬ್ಬರ ಪ್ರವೇಶ, ಜೊತೆಗೆ ಪ್ರಧಾನ ಸಂಶೋಧಕರ ಸ್ವಂತ ಇಮೇಲ್. ಇದಕ್ಕೆ ಖರ್ಚೇನೂ ಇಲ್ಲ.

ಪೇಟೆಂಟ್ ಕಚೇರಿಯ ಸೇವೆಯಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದದ್ದು ಪರಿಶೀಲಕರ ಆಕ್ಷೇಪಗಳ ಮೇಲೆ ನಡೆಯುವ ವಿಡಿಯೊ ಕಾನ್ಫರೆನ್ಸ್ ವಿಚಾರಣೆ. ಚೆನ್ನೈಗೆ ರೈಲು ಹತ್ತುವ ಅಗತ್ಯವಿಲ್ಲ, ಸಂಶೋಧಕರು ವಿಭಾಗದಿಂದಲೇ ಏಜೆಂಟರ ಜೊತೆ ಕೂತು ಮಾತಾಡಬಹುದು. ಕೂರಲೇಬೇಕು ಕೂಡ: ಹಳೆಯ ಯಂತ್ರದಲ್ಲಿ ಬೀಜ ಯಾಕೆ ಒಡೆಯುತ್ತದೆ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಇನ್ನೊಬ್ಬರು ಹೇಳಲಾರರು. ವಿಚಾರಣೆ ಮುಗಿದ 15 ದಿನದೊಳಗೆ ಲಿಖಿತ ವಾದ ಸಲ್ಲಿಸಬೇಕು, ಅದಕ್ಕೆ ಬೇಕಾದ ಹೋಲಿಕೆ ಕೋಷ್ಟಕವನ್ನು ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಿ.

ಪರಿಶೀಲನೆ ಬೇಗ ಆಗಬೇಕೆಂದರೆ ಫಾರಂ 18ಎ ಇದೆ, ಶಿಕ್ಷಣ ಸಂಸ್ಥೆಗೆ 8,000 ರೂಪಾಯಿ, ಜೊತೆಗೆ ಫಾರಂ 9 ಬೇಕು. ಇದು ಎಲ್ಲರಿಗೂ ಸಿಗುವುದಿಲ್ಲ. ಸರ್ಕಾರದ ಒಡೆತನದ ಅಥವಾ ಬಹುಪಾಲು ಸರ್ಕಾರಿ ಹಣದಿಂದ ನಡೆಯುವ ಸಂಸ್ಥೆ, ಸ್ಟಾರ್ಟಪ್, ಸಣ್ಣ ಉದ್ಯಮ ಇತ್ಯಾದಿಗೆ ಅರ್ಹತೆ. ಅರ್ಜಿದಾರರೆಲ್ಲ ವ್ಯಕ್ತಿಗಳೇ ಆಗಿದ್ದು ಅವರಲ್ಲಿ ಒಬ್ಬರಾದರೂ ಮಹಿಳೆ ಇದ್ದರೂ ಸಿಗುತ್ತದೆ. ಖಾಸಗಿ ಕಾಲೇಜೇ ಅರ್ಜಿದಾರ ಆಗಿದ್ದು, ಸಂಶೋಧಕರ ಪಟ್ಟಿಯಲ್ಲಿ ಮೇಡಂ ಒಬ್ಬರು ಇದ್ದಾರೆ ಎಂದು 18ಎ ಹಾಕಿದರೆ ತಿರಸ್ಕಾರವಾಗುತ್ತದೆ.

ಹಕ್ಕಿನ ವಿಷಯದಲ್ಲಿ ಕೇಂದ್ರದ 2019ರ ವಿದ್ಯಾರ್ಥಿ ಮತ್ತು ಅಧ್ಯಾಪಕರ ನಾವೀನ್ಯ ಹಾಗೂ ಸ್ಟಾರ್ಟಪ್ ನೀತಿ ಸಂಶೋಧಕರ ಪರವಾಗಿದೆ. ಸಂಸ್ಥೆಯ ಸೌಲಭ್ಯ ಗಣನೀಯವಾಗಿ ಬಳಸಿದ್ದರೆ ಹಕ್ಕು ಇಬ್ಬರಿಗೂ ಜಂಟಿ, ಲೈಸೆನ್ಸ್ ಕೊಡುವಾಗ ಸಂಶೋಧಕರ ಮಾತಿಗೆ ಮೊದಲ ಬೆಲೆ. ಸಂಸ್ಥೆಯ ಸೌಲಭ್ಯ ಬಳಸದೆ, ನೌಕರಿಯ ವೇಳೆಯಾಚೆ ಅಥವಾ ಪಠ್ಯಕ್ರಮದ ಹೊರಗೆ ಮಾಡಿದ್ದರೆ ಹಕ್ಕು ಪೂರ್ತಿ ಸಂಶೋಧಕರದ್ದು. ಐಪಿಆರ್ ಸೆಲ್ ಸಹಾಯಕ ಮಾತ್ರ. ಹೇಗೆ ಪೇಟೆಂಟ್ ಮಾಡಬೇಕು, ಯಾರಿಗೆ ಲೈಸೆನ್ಸ್ ಕೊಡಬೇಕು ಎಂಬುದರಲ್ಲಿ ಅದರ ಅಪ್ಪಣೆ ನಡೆಯುವುದಿಲ್ಲ. ವ್ಯಾಜ್ಯ ಬಂದರೆ ಕನಿಷ್ಠ ಐದು ಜನರ ಸಮಿತಿ: ಇಬ್ಬರು ಅನುಭವಿ ಅಧ್ಯಾಪಕರು, ಇಬ್ಬರು ಹಳೆಯ ವಿದ್ಯಾರ್ಥಿಗಳು ಅಥವಾ ಉದ್ಯಮದವರು, ಒಬ್ಬ ಕಾನೂನು ಸಲಹೆಗಾರರು. ನಿಮ್ಮ ಸಂಸ್ಥೆಯ ಆಡಳಿತ ಮಂಡಳಿ ಈ ನೀತಿಯನ್ನು ಅಂಗೀಕರಿಸಿದೆಯೇ ಎಂದು ನಡಾವಳಿ ತರಿಸಿ ನೋಡಿ. ಅಂಗೀಕರಿಸದಿದ್ದರೆ ಮೇಲಿನದೆಲ್ಲ ಕಾಗದದ ಮೇಲಷ್ಟೇ ಉಳಿಯುತ್ತದೆ.

ಪೇಟೆಂಟ್ ಆಗದ ವಿಷಯಗಳನ್ನೂ ಸೆಲ್ ಮುಖ ನೋಡದೆ ಹೇಳಬೇಕು. ಬೇಸಾಯದ ವಿಧಾನ, ಚಿಕಿತ್ಸೆಯ ವಿಧಾನ, ಬರೀ ಅಲ್ಗಾರಿದಮ್, ಪಾರಂಪರಿಕ ಜ್ಞಾನ, ಬೀಜ ಮತ್ತು ತಳಿ ಸೆಕ್ಷನ್ 3ರಲ್ಲಿ ಹೊರಗುಳಿದಿವೆ. ಸಸ್ಯ, ಸೂಕ್ಷ್ಮಜೀವಿ ಬಳಸಿದ್ದರೆ ಮಂಜೂರಾತಿಗೆ ಮುನ್ನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕೆಲಸವೂ ಇದೆ. ಹೊಸ ತಳಿಗಳಿಗೆ ಬೇರೆಯೇ ದಾರಿ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಬೆಳೆಗಳಿಗೆ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷದ ರಕ್ಷಣೆ. ಹೊಸ ತಳಿಯಾದರೆ ದೇಶದಲ್ಲಿ ಮೊದಲ ಮಾರಾಟದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ಧಾರವಾಡದಲ್ಲಿ ಡಾ. ಕಾತರಕಿ ಅವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯ ಕಾಲಕ್ಕೆ ಇಂಥ ಕಾಯ್ದೆ ಇರಲಿಲ್ಲ. ಬೀಜದ ಹೆಸರು ಮನೆಮಾತಾಯಿತು, ತಳಿಗಾರರ ಹೆಸರು ಅಷ್ಟು ದೂರ ಹೋಗಲಿಲ್ಲ. ಈಗ ದಾರಿಯಿದೆ, ಬಳಸದಿರುವುದಕ್ಕೆ ನೆಪ ಇಲ್ಲ.

ಪೇಟೆಂಟ್ ಮಂಜೂರಾದ ಮೇಲೆ, ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿದು ಮೂರನೇ ವರ್ಷದಿಂದ ನವೀಕರಣ ಶುಲ್ಕ. ಶಿಕ್ಷಣ ಸಂಸ್ಥೆಗೆ 6ನೇ ವರ್ಷದವರೆಗೆ ವರ್ಷಕ್ಕೆ 800, 10ರವರೆಗೆ 2,400, 15ರವರೆಗೆ 4,800, 20ರವರೆಗೆ 8,000 ರೂಪಾಯಿ. ಇಪ್ಪತ್ತೂ ವರ್ಷ ಉಳಿಸಿಕೊಂಡರೆ ಒಟ್ಟು 76,800. ಆನ್‌ಲೈನ್‌ನಲ್ಲಿ ಕನಿಷ್ಠ ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿದರೆ ಶೇ 10 ಕಡಿಮೆ. ಐದನೇ ವರ್ಷದಲ್ಲಿ ಮಂಜೂರಾದರೆ 3, 4, 5ನೇ ವರ್ಷದ ಬಾಕಿ 2,400 ರೂಪಾಯಿಯನ್ನು ಮೂರು ತಿಂಗಳೊಳಗೆ ಕಟ್ಟಬೇಕು. ಮಂಜೂರಾತಿ ಪತ್ರ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಈ ಬಾಕಿಯನ್ನು ಮರೆಯುವ ಸಂಸ್ಥೆಗಳಿವೆ. ಬಜೆಟ್‌ನಲ್ಲಿ ಇದಕ್ಕೆ ಪ್ರತ್ಯೇಕ ಶೀರ್ಷಿಕೆ ಇಲ್ಲದಿರುವುದೇ ಕಾರಣ. "ಇತರೆ ಖರ್ಚು" ಎಂಬಲ್ಲಿ ಹಾಕಿದ್ದು ಮಾರ್ಚ್‌ನಲ್ಲಿ ಖಾಲಿಯಾಗಿರುತ್ತದೆ.

2024ರ ನಿಯಮಗಳು ತಂದ ಇನ್ನೊಂದು ಒಳ್ಳೆಯ ಸೇವೆ ಸಂಶೋಧಕತ್ವದ ಪ್ರಮಾಣಪತ್ರ. ಪೇಟೆಂಟ್ ಸಂಸ್ಥೆಯ ಹೆಸರಿನಲ್ಲಿದ್ದರೂ ಪ್ರತಿಯೊಬ್ಬ ಸಂಶೋಧಕರೂ ಫಾರಂ 8ಎ ಹಾಕಿ, ಶುಲ್ಕ ಕಟ್ಟಿ, ತಮ್ಮ ಹೆಸರಿನ ಸರ್ಕಾರಿ ಪ್ರಮಾಣಪತ್ರ ಪಡೆಯಬಹುದು. ಅದರಿಂದ ಒಡೆತನ ಬರುವುದಿಲ್ಲ; ನೌಕರಿಯ ಸಂದರ್ಶನಕ್ಕೆ, ಮುಂದಿನ ಓದಿಗೆ, ಬಡ್ತಿಗೆ ಇದಕ್ಕಿಂತ ಗಟ್ಟಿ ದಾಖಲೆಯಿಲ್ಲ. ಎರಡು ಷರತ್ತು ಗಮನಿಸಿ: ಅರ್ಜಿಯನ್ನು ಸಂಶೋಧಕರೇ ಹಾಕಬೇಕು, ಮತ್ತು ಆ ಹೊತ್ತಿಗೆ ಪೇಟೆಂಟ್ ಜೀವಂತ ಇರಬೇಕು. ಕಾಲೇಜು ವರ್ಷದ 800 ರೂಪಾಯಿ ಕಟ್ಟದೆ ಬಿಟ್ಟಿದ್ದರೆ ಪುಣೆಯಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿನಿಗೆ ಇದು ಸಿಗುವುದಿಲ್ಲ. ಮಂಜೂರಾತಿ ಬಂದ ವಾರದಲ್ಲೇ ನವೀಕರಣ ಕಟ್ಟಿ, ಪೇಟೆಂಟ್ ಸಂಖ್ಯೆಯ ಜೊತೆ ತುಂಬಿದ ಫಾರಂ 8ಎಯನ್ನು ಎಲ್ಲ ಸಂಶೋಧಕರ ಸ್ವಂತ ಇಮೇಲ್‌ಗೆ ಸೆಲ್ ಕಳಿಸಬೇಕು, ಅದರ ಶುಲ್ಕವನ್ನು ಸಂಸ್ಥೆಯೇ ಭರಿಸಬೇಕು.